ಏಪ್ರಿಲ್ 25ರ ಮಳೆ 24ರ ಸಂಜೆಯೇ ಬಿದ್ದಿತ್ತು

ಶ್ರೀನಿವಾಸಪುರದ ಪಕ್ಕದಲ್ಲಿ ನಮ್ಮ ಚಿಕ್ಕಪ್ಪನಿಗೆ ಮೂರು ಎಕರೆ ಮಾವಿನ ತೋಪಿದೆ. ಬಾದಾಮಿ ಕಡಿಮೆ, ತೋತಾಪುರಿ ಹೆಚ್ಚು. ಕೆಲವು ವರ್ಷಗಳ ಹಿಂದೆ ಏಪ್ರಿಲ್ 24ರ ಸಂಜೆ ಐದೂವರೆಯ ಹೊತ್ತಿಗೆ ಅಲ್ಲಿ ಇದ್ದಕ್ಕಿದ್ದಂತೆ ಗಾಳಿ ಎದ್ದಿತು. ಮೊದಲು ಧೂಳು, ಆಮೇಲೆ ಹುಣಸೆ ಬೀಜದಷ್ಟು ದಪ್ಪ ಹನಿ. ಅರ್ಧ ಗಂಟೆ ಸುರಿದು ನಿಂತಾಗ ಮುಷ್ಟಿ ಗಾತ್ರದ ಕಾಯಿಗಳು ನೆಲದ ತುಂಬ ಬಿದ್ದಿದ್ದವು. ವಾರದ ನಂತರ ಮಳೆ ವರದಿ ನೋಡಿದ ಚಿಕ್ಕಪ್ಪ ನನಗೆ ಫೋನ್ ಮಾಡಿದರು. ಪಟ್ಟಿಯಲ್ಲಿ 24ನೇ ತಾರೀಖಿನ ಎದುರು ಸೊನ್ನೆ ಇತ್ತು. 25ರ ಎದುರು ಎಂಟು ಮಿಲಿಮೀಟರ್. 25ರಂದು ಆಕಾಶದಲ್ಲಿ ಹತ್ತಿಯಷ್ಟು ಮೋಡವೂ ಇರಲಿಲ್ಲ. "ಏನಪ್ಪ, ನಮ್ಮ ತೋಪಿನ ಮಳೆ ಸರ್ಕಾರದ ಲೆಕ್ಕಕ್ಕೆ ಒಂದು ರಾತ್ರಿ ತಡವಾಗಿ ಹೋಗಿದೆಯಲ್ಲ?" ಎಂದು ಕೇಳಿದರು.

ತಪ್ಪು ಯಾರದೂ ಅಲ್ಲ. ಭಾರತದ ಹವಾಮಾನ ಇಲಾಖೆಯ ಮಳೆ ದಿನ ಮಧ್ಯರಾತ್ರಿಗೆ ಹುಟ್ಟುವುದಿಲ್ಲ, ಬೆಳಿಗ್ಗೆ 8.30ಕ್ಕೆ ಹುಟ್ಟುತ್ತದೆ. ನಿನ್ನೆ 8.30ರಿಂದ ಇಂದು 8.30ರವರೆಗೆ ಮಾಪಕದಲ್ಲಿ ಸೇರಿದ ನೀರನ್ನು ಇಂದು ಅಳೆದು ಇಂದಿನ ತಾರೀಖಿಗೆ ಬರೆಯುತ್ತಾರೆ. 8.30 ಎಂಬ ಈ ವಿಚಿತ್ರ ಗಳಿಗೆಗೂ ಕಾರಣವಿದೆ. ಜಗತ್ತಿನ ಹವಾಮಾನ ಕೇಂದ್ರಗಳು ಒಂದೇ ಕ್ಷಣದಲ್ಲಿ ಅಳತೆ ತೆಗೆದುಕೊಳ್ಳಬೇಕೆಂದು ಜಾಗತಿಕ ಪ್ರಮಾಣ ಸಮಯದ ಮೂರು ಗಂಟೆ, ಆರು ಗಂಟೆ, ಹನ್ನೆರಡು ಗಂಟೆ ಎಂದೆಲ್ಲ ಹೊತ್ತು ಗೊತ್ತು ಮಾಡಿಕೊಂಡಿವೆ. ಅಲ್ಲಿನ ಮೂರು ಗಂಟೆ ನಮ್ಮ ಗಡಿಯಾರದಲ್ಲಿ ಎಂಟೂವರೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದೈನಂದಿನ ಮಳೆ ವರದಿಯೂ ಇದೇ ಗೆರೆಯನ್ನು ಪಾಲಿಸುತ್ತದೆ. ನಮ್ಮ ಕಡೆ ಬೇಸಿಗೆ ಮಳೆ ಬರುವುದು ಬಹುತೇಕ ಸಂಜೆ ಅಥವಾ ರಾತ್ರಿ. ಆದ್ದರಿಂದ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಏಪ್ರಿಲ್–ಮೇ ತಿಂಗಳ ಮಳೆ ದಾಖಲೆಗಳಲ್ಲಿ ಹೆಚ್ಚಿನವು ಬಿದ್ದ ದಿನದ ಮರುದಿನಕ್ಕೆ ಸೇರಿರುತ್ತವೆ.

ಮಳೆಗೆ ಮಾತ್ರ ಹೀಗಿದ್ದಿದ್ದರೆ ಒಂದು ದಿನ ಹಿಂದಕ್ಕೆ ಎಣಿಸಿಕೊಂಡು ಸುಮ್ಮನಿರಬಹುದಿತ್ತು. ತೊಡಕು ಇರುವುದು ತಾಪಮಾನದ ಲೆಕ್ಕದಲ್ಲಿ. 25ರ ಸಾಲಿನಲ್ಲಿ ಬರೆದ ಕನಿಷ್ಠ ತಾಪಮಾನ 25ರ ಬೆಳಗಿನ ಜಾವದ್ದು. ಗರಿಷ್ಠ ತಾಪಮಾನ ಅದೇ ದಿನ ಮಧ್ಯಾಹ್ನ ಎರಡೂವರೆ–ಮೂರರ ಬಿಸಿಲಿನದು. ಅದೇ ಸಾಲಿನ ಮಳೆ ಮಾತ್ರ ಹಿಂದಿನ ಸಂಜೆಯದು. ಒಂದು ಸಾಲು, ಎರಡು ಹಗಲು. 24ರಂದು 37 ಡಿಗ್ರಿ ಕಾದು, ಆ ಕಾವಿನಿಂದಲೇ ಸಂಜೆ ಗುಡುಗು ಮೋಡ ಎದ್ದು ಮಳೆ ಬಿತ್ತು ಎಂದಿಟ್ಟುಕೊಳ್ಳಿ. ದಾಖಲೆಯಲ್ಲಿ 24ನೇ ತಾರೀಖು ಸುಡುವ ಒಣ ದಿನ. 25 ತಂಪಾದ ಮಳೆ ದಿನ. ಕಾದಿದ್ದಕ್ಕೇ ಮಳೆ ಬಂತೆಂಬ ಕತೆ ಕಾಗದದ ಮೇಲೆ ಕಾಣುವುದೇ ಇಲ್ಲ.

ಚಿಕ್ಕಪ್ಪನ ಪ್ರಶ್ನೆಗೆ ಇನ್ನೊಂದು ಬಾಲವೂ ಇತ್ತು. ಅವರ ಮಗ ಮೊಬೈಲಿನಲ್ಲಿ ಬೇರೊಂದು ಹವಾಮಾನ ಪುಟ ತೆರೆದಿದ್ದ. ಅದರಲ್ಲಿ ಮಳೆ ಸರಿಯಾಗಿ 24ಕ್ಕೇ ಇತ್ತು. "ಹಾಗಾದರೆ ಅದೇ ಸರಿ, ಇದು ತಪ್ಪು" ಎಂಬುದು ಅವನ ತೀರ್ಪು. ಆ ಪುಟ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಲೆಕ್ಕ ಹಾಕುತ್ತದೆ, ಅಷ್ಟೇ. ಪಂಚಾಂಗವನ್ನು ಕೇಳಿದರೆ ಅದು ದಿನವನ್ನು ಸೂರ್ಯೋದಯದಿಂದ ಎಣಿಸುತ್ತದೆ. ಒಂದೇ ಮಳೆಗೆ ಮೂರು ದಿನದ ಲೆಕ್ಕ ಇದ್ದರೆ ಮೂವರೂ ಸಾಚಾ ಆಗಿರಲು ಸಾಧ್ಯ. ಇದು ಬರೀ ಪಂಡಿತರ ಕೂದಲು ಸೀಳುವ ವಾದವೆಂದು ತಳ್ಳಿಹಾಕುವಂತಿಲ್ಲ. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನಂಥ ಸ್ಥಳೀಯ ವಿಕೋಪದ ನಷ್ಟವನ್ನು 72 ಗಂಟೆಗಳೊಳಗೆ ತಿಳಿಸಬೇಕು. ರೈತ 24 ಎಂದು ಬರೆದು, ವರದಿ 25 ಎಂದು ಹೇಳಿದರೆ ಮೇಜಿನ ಆಚೆ ಕುಳಿತವರಿಗೆ ಹುಬ್ಬು ಗಂಟಿಕ್ಕಲು ಅಷ್ಟು ಸಾಕು.

ಒಂದು ತಾರೀಖು, ಒಂದು ಊರಿನ ಹೆಸರು ಒತ್ತಿದರೆ ಆ ದಿನದ ‘ಐತಿಹಾಸಿಕ ಹವಾಮಾನ’ವನ್ನು ತಟ್ಟೆಯಲ್ಲಿಟ್ಟು ಕೊಡುವ ಪುಟಗಳು ಈಗ ಬೇಕಾದಷ್ಟಿವೆ. ಮದುವೆಗೆ ದಿನ ಗೊತ್ತು ಮಾಡುವವರು, ನಂದಿ ಬೆಟ್ಟಕ್ಕೆ ಹೊರಟವರು, ಟೊಮೆಟೊ ನಾಟಿ ಮಾಡುವವರು ಎಲ್ಲರೂ ಅವನ್ನು ನೋಡುತ್ತಾರೆ. ಸರಾಸರಿ ಗರಿಷ್ಠ ಇಷ್ಟು, ಮಳೆಯ ಸಾಧ್ಯತೆ ಇಷ್ಟು, ಸೂರ್ಯೋದಯ ಇಷ್ಟಕ್ಕೆ, ಹಗಲು ಇಷ್ಟು ಗಂಟೆ. ಎಲ್ಲ ಅಂಕಿಗಳೂ ಒಂದೇ ಅಕ್ಷರದಲ್ಲಿ, ಒಂದೇ ಗತ್ತಿನಲ್ಲಿ ಇರುತ್ತವೆ. ಆದರೆ ಅವುಗಳಲ್ಲಿ ಕಣ್ಣು ಮುಚ್ಚಿ ನಂಬಬಹುದಾದದ್ದು ಕೊನೆಯ ಎರಡು ಮಾತ್ರ. ಉಳಿದವನ್ನು ನಂಬುವ ಮೊದಲು ಅವು ಯಾರ ಮನೆಯಿಂದ ಬಂದವು ಎಂದು ವಿಚಾರಿಸಬೇಕು.

ಮೊದಲು ನಂಬಬಹುದಾದ ಹಗಲಿನ ಮಾತು. ಹಗಲಿನ ಉದ್ದಕ್ಕೆ ಅಕ್ಷಾಂಶ ಮತ್ತು ತಾರೀಖು ಗೊತ್ತಿದ್ದರೆ ಸಾಕು. ಮೋಡ, ಮಳೆ, ಸರ್ಕಾರ ಯಾವುದರ ಹಂಗೂ ಇಲ್ಲ. ಏಪ್ರಿಲ್ 25ರಂದು ಕೋಲಾರದಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ ಆರು ಗಂಟೆಗೆ, ಮುಳುಗುವುದು 6.31ರ ಸುಮಾರಿಗೆ. ಹಗಲು 12 ಗಂಟೆ 32 ನಿಮಿಷ. ತುಮಕೂರು ಕೋಲಾರದಿಂದ ಸುಮಾರು ಒಂದು ರೇಖಾಂಶದಷ್ಟು ಪಶ್ಚಿಮಕ್ಕಿದೆ, ಹಾಗಾಗಿ ಅಲ್ಲಿ ಎರಡೂ ನಾಲ್ಕು ನಿಮಿಷ ತಡ. ಏಪ್ರಿಲ್ ಕೊನೆಯ ಈ ದಿನಗಳಲ್ಲಿ ಹಗಲು ದಿನಕ್ಕೆ ಸುಮಾರು 40 ಸೆಕೆಂಡಿನಂತೆ ಹಿಗ್ಗುತ್ತಿರುತ್ತದೆ. ಜೂನ್ 21ರ ಅತಿ ದೀರ್ಘ ಹಗಲು ನಮಗೆ 12 ಗಂಟೆ 54 ನಿಮಿಷ ಮಾತ್ರ. ಡಿಸೆಂಬರ್‌ನ ಅತಿ ಗಿಡ್ಡ ಹಗಲು 11 ಗಂಟೆ 21 ನಿಮಿಷ. ದೆಹಲಿಯಲ್ಲಿ ಈ ಎರಡರ ನಡುವೆ ಮೂರೂವರೆ ಗಂಟೆಗೂ ಹೆಚ್ಚು ಅಂತರವಿದೆ. ನಮ್ಮಲ್ಲಿ ಒಂದೂವರೆ ಗಂಟೆ. ‘ಬೇಸಿಗೆಯಲ್ಲಿ ಹಗಲು ದೊಡ್ಡದು, ಅದಕ್ಕೇ ಸೆಖೆ’ ಎಂಬ ಶಾಲಾ ಪಾಠದ ಮಾತು ಉತ್ತರದವರಿಗೆ ಒಪ್ಪುವಷ್ಟು ನಮಗೆ ಒಪ್ಪುವುದಿಲ್ಲ.

ನಮ್ಮ ಸೆಖೆಗೆ ಕಾರಣ ಸೂರ್ಯನ ಎತ್ತರ. ಏಪ್ರಿಲ್ 24–25ರಂದು ಕೋಲಾರದಲ್ಲಿ, ಅದರ ಮರುದಿನದ ಹೊತ್ತಿಗೆ ತುಮಕೂರು–ಚಿಕ್ಕಬಳ್ಳಾಪುರಗಳಲ್ಲಿ, ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಅದನ್ನೇ ಶೂನ್ಯ ನೆರಳಿನ ದಿನ ಎನ್ನುವುದು. ನಡುಹಗಲು ಎಂದರೆ ಗಡಿಯಾರದ ಹನ್ನೆರಡಲ್ಲ, ಕೋಲಾರದಲ್ಲಿ 12.15ರಿಂದ 12.16. ನಮ್ಮ ಗಡಿಯಾರ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ರೇಖಾಂಶಕ್ಕೆ ಕಟ್ಟಿದ್ದು, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಆ ಗಳಿಗೆಯಲ್ಲಿ ನೆಟ್ಟಗೆ ನಿಲ್ಲಿಸಿದ ಲೋಟದ ನೆರಳು ಲೋಟದ ಅಡಿಯಲ್ಲೇ ಅಡಗುತ್ತದೆ. ಹಿತ್ತಲಲ್ಲಿ ಒಂದು ಪೈಪ್ ತುಂಡು ನಿಲ್ಲಿಸಿ ನೋಡಿದ್ದೇನೆ. ಒಳಗೆ ಬೆಳಕಿನ ದುಂಡನೆಯ ಬಿಲ್ಲೆಯೊಂದು ನೆಲಕ್ಕೆ ಬಿದ್ದು, ಒಂದೆರಡು ನಿಮಿಷ ಇದ್ದು, ಅಂಚಿಗೆ ಜಾರಿಕೊಂಡಿತು.

ಈ ದಿನ ವರ್ಷಕ್ಕೆ ಎರಡು ಬಾರಿ ಬರುತ್ತದೆ. ಎರಡನೆಯದು ಆಗಸ್ಟ್ 17–18ಕ್ಕೆ. ಆಗ ಮುಂಗಾರಿನ ಮೋಡ ಮುಚ್ಚಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಸೂರ್ಯ ಅಷ್ಟೇ ನೆತ್ತಿಯ ಮೇಲಿದ್ದಾನೆ, ಹಗಲೂ ಅಷ್ಟೇ ಉದ್ದ, ಸೆಖೆ ಮಾತ್ರ ಇಲ್ಲ. ಹಗಲಿನ ಉದ್ದವೇ ಹವಾಮಾನವಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ.

ಈ ಎರಡು ದಿನಗಳ ನಡುವೆ, ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ, ನಮ್ಮ ನಡುಹಗಲಿನ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಹವಾಮಾನ ಕೇಂದ್ರದ ಅಂಗಳದಲ್ಲಿ ನಾಲ್ಕು ಕಾಲಿನ ಮೇಲೆ ಬಿಳಿ ಬಣ್ಣದ ಮರದ ಪೆಟ್ಟಿಗೆ ಕಂಡಿರಬಹುದು. ನಾಲ್ಕು ಕಡೆಯೂ ಜಾಲಂಧ್ರದಂತೆ ಓರೆ ಪಟ್ಟಿಗಳು. ಗಾಳಿ ಆಡಬೇಕು, ಬಿಸಿಲು ಹೊಗಬಾರದು. ಅದರ ಹೆಸರು ಸ್ಟೀವನ್ಸನ್ ಪೆಟ್ಟಿಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ರೂಪಿಸಿದ ಥಾಮಸ್ ಸ್ಟೀವನ್ಸನ್ ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರ್. ಅದರ ಬಾಗಿಲು ಉತ್ತರಕ್ಕಿರಬೇಕೆಂಬುದು ನಿಯಮ, ಏಕೆಂದರೆ ಅವನ ಊರಿನಲ್ಲಿ ನಡುಹಗಲಿನ ಸೂರ್ಯ ಯಾವಾಗಲೂ ದಕ್ಷಿಣಕ್ಕೆ. ನಮ್ಮಲ್ಲಿ ವರ್ಷದ ಸುಮಾರು ನಾಲ್ಕು ತಿಂಗಳು ನಡುಹಗಲಿನ ಸೂರ್ಯ ಇರುವುದೇ ಬಾಗಿಲ ಕಡೆ. ಬೆಳಿಗ್ಗೆ 8.30ಕ್ಕೂ ಸಂಜೆ 5.30ಕ್ಕೂ ಬಾಗಿಲು ತೆರೆದು ಓದಿಕೊಳ್ಳುವವರು ಆದಷ್ಟು ಬೇಗ ಮುಚ್ಚಬೇಕು. ಉಷ್ಣಾಂಶ ಎಂದು ನಾವು ಹೇಳುವುದು ಈ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕಡಿ ಮೇಲೆ, ನೆರಳಿನಲ್ಲಿರುವ ಗಾಳಿಯ ಬಿಸಿ. ಡಾಂಬರು ರಸ್ತೆಯ ಬಿಸಿ ಅಲ್ಲ, ಸ್ಕೂಟರ್ ಸೀಟಿನದಂತೂ ಅಲ್ಲವೇ ಅಲ್ಲ.

ಈಗ ಮುಖ್ಯ ಪ್ರಶ್ನೆ. ಕೋಲಾರದ, ಚಿಕ್ಕಬಳ್ಳಾಪುರದ ಏಪ್ರಿಲ್ 25ರ ‘ಐತಿಹಾಸಿಕ ಸರಾಸರಿ’ ಎಂದು ಮೊಬೈಲ್ ತೋರಿಸುವ ತಾಪಮಾನ ಯಾವ ಪೆಟ್ಟಿಗೆಯೊಳಗಿನದು? ಬಹಳ ಸಲ ಯಾವ ಪೆಟ್ಟಿಗೆಯದೂ ಅಲ್ಲ. ಭೂಮಿಯನ್ನು ಚೌಕಗಳಾಗಿ ಹೆಣೆದು, ಉಪಗ್ರಹ, ಬಲೂನು, ಹಡಗು, ವಿಮಾನ, ನೆಲದ ಕೇಂದ್ರಗಳಿಂದ ಸಿಕ್ಕ ಅಳತೆಗಳನ್ನೆಲ್ಲ ಕಂಪ್ಯೂಟರ್ ಮಾದರಿಗೆ ಉಣಿಸಿ, ಹಿಂದಿನ ಪ್ರತಿ ಗಂಟೆಯ ಹವಾಮಾನವನ್ನು ಮರುಕಟ್ಟುತ್ತಾರೆ. ಯುರೋಪಿನ ಹವಾಮಾನ ಕೇಂದ್ರದ ಇಂಥ ಮರುಕಟ್ಟಣೆ 1940ರವರೆಗೆ ಹಿಂದೆ ಹೋಗುತ್ತದೆ, ಅಮೆರಿಕದ ನಾಸಾದ್ದು 1980ರವರೆಗೆ. ಬಹುಪಾಲು ಹವಾಮಾನ ಪುಟಗಳ ಇತಿಹಾಸ ಬರುವುದು ಇಂಥ ಕಣಜಗಳಿಂದ. ವಿಜ್ಞಾನಕ್ಕೆ ಇವು ದೊಡ್ಡ ಕೊಡುಗೆ, ಅನುಮಾನವಿಲ್ಲ. ಆದರೆ ಯುರೋಪಿನವರ ಒಂದು ಚೌಕ ಸುಮಾರು 30 ಕಿಲೋಮೀಟರ್ ಅಗಲ. ನಾಸಾದ್ದು ಅದಕ್ಕಿಂತ ದೊಡ್ಡದು. ಸುಮಾರು ನಾಲ್ಕು ಸಾವಿರ ಚದರ ಕಿಲೋಮೀಟರಿನ ಇಡೀ ಕೋಲಾರ ಜಿಲ್ಲೆ ಐದಾರು ಚೌಕಗಳಲ್ಲಿ ಮುಗಿದುಹೋಗುತ್ತದೆ.

ನಂದಿ ಬೆಟ್ಟವನ್ನೇ ನೋಡಿ. ನೆತ್ತಿ 1,478 ಮೀಟರ್, ಕೆಳಗಿನ ಚಿಕ್ಕಬಳ್ಳಾಪುರ ಸುಮಾರು 900 ಮೀಟರ್. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುವ ಲೆಕ್ಕದಲ್ಲಿ ಮೇಲೆ ಮೂರೂವರೆ ಡಿಗ್ರಿಗೂ ಹೆಚ್ಚು ತಂಪು. 30 ಕಿಲೋಮೀಟರ್ ಚೌಕಕ್ಕೆ ಬೆಟ್ಟವೂ ಇಲ್ಲ, ತಪ್ಪಲೂ ಇಲ್ಲ. ಎರಡನ್ನೂ ತಟ್ಟಿ ಸಮ ಮಾಡಿದ ಒಂದು ದಿಬ್ಬವಿದೆ. (ಅಂದ ಹಾಗೆ, ದಿಗಂತ ತಿಳಿಯಾಗಿದ್ದರೆ ಬೆಟ್ಟದ ಮೇಲಿನವರಿಗೆ ಸೂರ್ಯ ಕೆಳಗಿನವರಿಗಿಂತ ಹೆಚ್ಚೂಕಡಿಮೆ ಮೂರು ನಿಮಿಷ ಮೊದಲೇ ಕಾಣಿಸುತ್ತಾನೆ. ಅಷ್ಟು ಹೊತ್ತಿಗೆ ಎದ್ದು ಹೋದವರಿಗೆ ಸಿಗುವುದು ಹೆಚ್ಚಾಗಿ ಮೋಡ.)

ಮಳೆಯಲ್ಲಂತೂ ಚೌಕದ ಲೆಕ್ಕ ಇನ್ನೂ ಕೈಕೊಡುತ್ತದೆ. ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ಒಣಗಿತ್ತು ಎಂದು ನಮ್ಮವರು ಹೇಳುವುದು ಬೇಸಿಗೆ ಮಳೆಯನ್ನು ಕಂಡೇ. ಒಂದು ಗುಡುಗು ಮೋಡದ ಹರವು ಐದು–ಹತ್ತು ಕಿಲೋಮೀಟರ್. ಮುಳಬಾಗಿಲಿನ ಒಂದು ಹೋಬಳಿಯಲ್ಲಿ ಹೊಲ ತುಂಬಿ ಹರಿದಾಗ ಪಕ್ಕದ ಹೋಬಳಿಯಲ್ಲಿ ಧೂಳು ಏಳುತ್ತಿರುತ್ತದೆ. ಇಡೀ ಚೌಕಕ್ಕೆ ಹಂಚಿದರೆ ಇಬ್ಬರ ಪಾಲಿಗೂ ಎರಡು ಮಿಲಿಮೀಟರ್ ತುಂತುರು ಬಂದಂತೆ ಕಾಣುತ್ತದೆ. ಅಂಥ ಮಳೆ ಇಬ್ಬರಲ್ಲಿ ಯಾರೂ ನೋಡಿಲ್ಲ.

ಅಳೆದು ಬರೆದ ದಾಖಲೆ ಇಲ್ಲವೆಂದಲ್ಲ. ಮೈಸೂರು ಸಂಸ್ಥಾನ 1890ರ ದಶಕದಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ಹವಾಮಾನ ವೀಕ್ಷಣಾಲಯಗಳನ್ನು ನಡೆಸಲು ತೊಡಗಿತು. ಆ ನಾಲ್ಕರಲ್ಲಿ ಕೋಲಾರವಿಲ್ಲ, ತುಮಕೂರಿಲ್ಲ. ಮಳೆಯ ವಿಷಯದಲ್ಲಿ ನಮ್ಮ ಅದೃಷ್ಟ ಸ್ವಲ್ಪ ಮೇಲು: ತಾಲ್ಲೂಕು ಕಚೇರಿಯ ಅಂಗಳದಲ್ಲಿ ಮಳೆ ಮಾಪಕ ಇಟ್ಟು, ಗುಮಾಸ್ತರು ದಪ್ಪ ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಹಳೆಯದು. ಅಂದರೆ ನಮ್ಮ ಜಿಲ್ಲೆಗಳ ಮಳೆಯ ನೆನಪು ದೀರ್ಘ, ಬಿಸಿಲಿನ ನೆನಪು ಗಿಡ್ಡ. ಚಿಕ್ಕಬಳ್ಳಾಪುರಕ್ಕೆ ಜಿಲ್ಲೆ ಎಂಬ ಹೆಸರೇ ಬಂದದ್ದು 2007ರಲ್ಲಿ. ಅದಕ್ಕೂ ಹಿಂದಿನ ‘ಚಿಕ್ಕಬಳ್ಳಾಪುರ ಜಿಲ್ಲೆಯ ದಾಖಲೆ’ ಎಂದು ಯಾರಾದರೂ ತೋರಿಸಿದರೆ ಅದು ಕೋಲಾರದ ಪುಸ್ತಕದಿಂದ ತಾಲ್ಲೂಕುಗಳನ್ನು ಬಿಡಿಸಿ ಕೂಡಿದ್ದು.

ಆದ್ದರಿಂದಲೇ ಈ ಭಾಗದ ಬಿಸಿಲಿನ ಬಗ್ಗೆ ನೂರು ವರ್ಷದ ಮಾತಾಡುವವರೆಲ್ಲ ಕೊನೆಗೆ ಬೆಂಗಳೂರಿನ ಅಂಕಿಗೆ ಬಂದು ನಿಲ್ಲುತ್ತಾರೆ. ಅಲ್ಲಿನ ಸಾರ್ವಕಾಲಿಕ ಗರಿಷ್ಠ 39.2 ಡಿಗ್ರಿ, 2016ರ ಏಪ್ರಿಲ್ 24ರದು. ಶೂನ್ಯ ನೆರಳಿನ ದಿನವೇ! ಇದನ್ನು ಕಂಡು ರೋಮಾಂಚನಗೊಳ್ಳುವ ಮೊದಲು ಅದಕ್ಕೂ ಹಿಂದಿನ ದಾಖಲೆ ನೋಡಿ: 38.9 ಡಿಗ್ರಿ, 1931ರ ಮೇ 22. ಆಗ ಸೂರ್ಯ ನೆತ್ತಿ ದಾಟಿ ನಾಲ್ಕು ವಾರ ಕಳೆದಿತ್ತು. 2024ರ ಏಪ್ರಿಲ್ 28ಕ್ಕೆ 38.5. ಆ ತಿಂಗಳು ಬೆಂಗಳೂರು ನಗರದಲ್ಲಿ ಅಳೆಯುವಷ್ಟು ಮಳೆಯೇ ಬೀಳಲಿಲ್ಲ; ಅದಕ್ಕೂ ಹಿಂದಿನ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ನೆಲದಲ್ಲಿ ತೇವವಿದ್ದರೆ ಬಿಸಿಲಿನ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ತೇವವಿಲ್ಲದಿದ್ದರೆ ಅಷ್ಟೂ ಗಾಳಿಯನ್ನು ಕಾಯಿಸುತ್ತದೆ. ಏಪ್ರಿಲ್ 24 ದಾಖಲೆಯ ದಿನವಾಗಲು ಸೂರ್ಯನ ಎತ್ತರದಷ್ಟೇ ಹಿಂದಿನ ವಾರಗಳ ಒಣ ನೆಲವೂ ಕಾರಣ. ನೆತ್ತಿಯ ಸೂರ್ಯ ಪ್ರತಿ ವರ್ಷ ತಪ್ಪದೆ ಬರುತ್ತಾನೆ, ದಾಖಲೆ ಪ್ರತಿ ವರ್ಷ ಮುರಿಯುವುದಿಲ್ಲ.

ಬೆಂಗಳೂರಿನ ಈ 39.2ನ್ನು ಹಿಡಿದುಕೊಂಡೇ ಇನ್ನೊಂದು ಸಂಗತಿ ನೋಡೋಣ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದೇ ಹೆಚ್ಚು ಕಾಡುವಂಥದ್ದು. ಬಯಲು ಪ್ರದೇಶದಲ್ಲಿ ಬಿಸಿಗಾಳಿ ಎಂದು ಘೋಷಿಸಬೇಕಾದರೆ ಗರಿಷ್ಠ ತಾಪಮಾನ ಮೊದಲು 40 ಡಿಗ್ರಿ ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು, ಇಲ್ಲವೇ ನೇರವಾಗಿ 45 ಮುಟ್ಟಬೇಕು. ಗುಡ್ಡಗಾಡಿಗೆ ಆ ಗೆರೆ 30 ಡಿಗ್ರಿ, ಕರಾವಳಿಗೆ 37. ಬಯಲಿನ ಗೆರೆಯಿಂದ ಅಳೆದರೆ, ಬೆಂಗಳೂರಿನ ಇತಿಹಾಸದಲ್ಲೇ ಅತಿ ಬಿಸಿಯಾದ ದಿನವೂ ಬಿಸಿಗಾಳಿಯಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರುಗಳು 800–900 ಮೀಟರ್ ಎತ್ತರದ ಪ್ರಸ್ಥಭೂಮಿ. ಬಯಲೂ ಅಲ್ಲ, ಬೆಟ್ಟವೂ ಅಲ್ಲ. ಏಪ್ರಿಲ್‌ನ ವಾಡಿಕೆ ಗರಿಷ್ಠ 34ರ ಆಸುಪಾಸು ಇರುವ ಊರಿನಲ್ಲಿ 39 ಎಂದರೆ ವಾಡಿಕೆಗಿಂತ ಐದು ಡಿಗ್ರಿ ಹೆಚ್ಚು. ಆ ಊರಿನ ಮೈಗೆ ಅದು ಒಗ್ಗದ ಬಿಸಿ. ವಾಡಿಕೆಯೇ 40ರ ಆಸುಪಾಸು ಇರುವ ಕಲಬುರಗಿಯಲ್ಲಿ ಅಂಗಡಿ, ಕೆಲಸ, ಊಟದ ಹೊತ್ತು ಎಲ್ಲವೂ ಬಿಸಿಲಿಗೆ ಹೊಂದಿಕೊಂಡಿವೆ. ನಮ್ಮಲ್ಲಿ ಮಧ್ಯಾಹ್ನ ಎರಡಕ್ಕೂ ಟೊಮೆಟೊ ಕ್ರೇಟು ಹೊರುತ್ತಿರುತ್ತಾರೆ.

ರಾತ್ರಿಯ ಲೆಕ್ಕ ಇನ್ನೂ ಬಿಗಿ. ಕನಿಷ್ಠ ತಾಪಮಾನ ವಾಡಿಕೆಗಿಂತ 4.5 ಡಿಗ್ರಿ ಏರಿದರೆ ಅದನ್ನು ‘ಬಿಸಿ ರಾತ್ರಿ’ ಎನ್ನುತ್ತಾರೆ, ಆದರೆ ಹಗಲಿನ ಗರಿಷ್ಠ 40 ಮುಟ್ಟಿದ್ದರೆ ಮಾತ್ರ. 39 ಡಿಗ್ರಿ ಕಾದ ಊರಿಗೆ ಅಧಿಕೃತವಾಗಿ ಬಿಸಿ ರಾತ್ರಿಯ ಭಾಗ್ಯವೂ ಇಲ್ಲ. ಒಂದೇ ಗೆರೆ ಇಡೀ ದೇಶಕ್ಕೆ ಬೇಕೆಂಬುದಕ್ಕೆ ಇಲಾಖೆಯ ಬಳಿ ಕಾರಣಗಳಿವೆ, ಹೋಲಿಕೆ ಸುಲಭ. ಆದರೂ ವಾಡಿಕೆಯಿಂದ ಎಷ್ಟು ದೂರ ಸರಿದಿದೆ ಎಂಬುದನ್ನೇ ಮುಂದಿಟ್ಟು ಎಚ್ಚರಿಕೆ ಕೊಡುವುದು ನಮ್ಮಂಥ ಎತ್ತರದ ಊರುಗಳಿಗೆ ಹೆಚ್ಚು ನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದನ್ನು ಯಾರೂ ಹೇಳಿಕೊಡದೆ ಅರಿತವರು ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರು. ಹುಳು ಮನೆಯ ಗೋಡೆಗೆ ಒಂದು ಉಷ್ಣಮಾಪಕ ತೂಗಿರುತ್ತದೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27–28 ಡಿಗ್ರಿ ಹಿತ, ದೊಡ್ಡ ಹುಳುವಿಗೆ 24–25. ಅದು ಮೂವತ್ತು ದಾಟಿತೆಂದರೆ ಕಿಟಕಿಗೆ ಒದ್ದೆ ಗೋಣಿತಾಟು, ನೆಲಕ್ಕೆ ನೀರು, ಶೀಟಿನ ಮೇಲೆ ತೆಂಗಿನ ಗರಿ. ಹುಳು ಹಣ್ಣಾಗುವ ಹೊತ್ತಿಗೆ ಸೆಖೆ ಏರಿದರೆ ಗೂಡು ತೆಳ್ಳಗಾಗುತ್ತದೆ, ಮಾರುಕಟ್ಟೆಯಲ್ಲಿ ಬೆಲೆಯೂ ತೆಳ್ಳಗಾಗುತ್ತದೆ. ಅವರಿಗೆ 40 ಎಂಬ ಗೆರೆಯಿಂದ ಆಗಬೇಕಾದ್ದು ಏನೂ ಇಲ್ಲ.

ಪಾವಗಡದವರ ಲೆಕ್ಕ ಬೇರೆ. ತಿರುಮಣಿ ಸುತ್ತಲಿನ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. ಅಲ್ಲಿ ಹಗಲೇ ಬೆಳೆ. ಆದರೆ ಬೆಳಕು ಬೇಕು, ಬಿಸಿ ಬೇಡ: ಫಲಕದ ಮೈ 25 ಡಿಗ್ರಿಗಿಂತ ಏರಿದ ಪ್ರತಿ ಡಿಗ್ರಿಗೆ ಉತ್ಪಾದನೆ ಶೇ 0.4ರಷ್ಟು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಫಲಕ 60 ಡಿಗ್ರಿ ಕಾದರೆ ಶೇ 14ರಷ್ಟು ವಿದ್ಯುತ್ ಹಾಗೆಯೇ ಹೋಯಿತು. ಸೂರ್ಯ ನೆತ್ತಿಗೇರಿದ ದಿನವೇ ವಿದ್ಯುತ್ ಸುಗ್ಗಿಯ ದಿನವಾಗಬೇಕೆಂದೇನೂ ಇಲ್ಲ.

ಮತ್ತೆ ತಾರೀಖಿಗೆ ಬರೋಣ. ದಾಖಲೆ ಎಷ್ಟೇ ಶುದ್ಧವಾಗಿರಲಿ, ಒಂದೇ ತಾರೀಖಿನ ಸರಾಸರಿ ಎಂಬುದು ಸ್ವಲ್ಪ ಮೋಸದ ಸರಕು. ಮೂವತ್ತು ವರ್ಷಗಳಲ್ಲಿ ಏಪ್ರಿಲ್ 25ರಂದು 27 ಸಲ ಹನಿಯೂ ಬೀಳದೆ, ಮೂರು ಸಲ 20 ಮಿಲಿಮೀಟರ್ ಬಿತ್ತೆಂದುಕೊಳ್ಳಿ. ಸರಾಸರಿ ಎರಡು ಮಿಲಿಮೀಟರ್. ಆ ಎರಡು ಮಿಲಿಮೀಟರ್ ಯಾವ ವರ್ಷವೂ ಬಿದ್ದದ್ದಲ್ಲ. ಇಲಾಖೆಯ ವ್ಯಾಖ್ಯೆಯಲ್ಲಿ 2.5 ಮಿಲಿಮೀಟರ್ ಆದರೆ ಮಾತ್ರ ಅದು ‘ಮಳೆಯ ದಿನ’. ನಮ್ಮ ಸರಾಸರಿ ಅದಕ್ಕೂ ಕಡಿಮೆ. ಇಂಥ ಅಂಕಿ ನೋಡಿ ಮದುವೆಗೆ ಶಾಮಿಯಾನ ಸಾಕೋ ಛತ್ರವೇ ಬೇಕೋ ಎಂದು ತೀರ್ಮಾನಿಸಲು ಬರುವುದಿಲ್ಲ.

ನಮ್ಮ ರೈತರು ಎಂದೂ ಒಂದು ತಾರೀಖಿನ ಮಳೆ ಕೇಳಿದವರಲ್ಲ. ಅವರು ಕೇಳುವುದು ಮಳೆ ನಕ್ಷತ್ರ. ಸೂರ್ಯನ ದಾರಿಯನ್ನು 27 ಪಾಲು ಮಾಡಿದರೆ ಒಂದು ಪಾಲಿಗೆ ಹದಿಮೂರು–ಹದಿನಾಲ್ಕು ದಿನ. ಏಪ್ರಿಲ್ 13–14ಕ್ಕೆ ಅಶ್ವಿನಿ ಮಳೆ ಹುಟ್ಟುತ್ತದೆ, 27–28ಕ್ಕೆ ಭರಣಿ. ಚಿಕ್ಕಪ್ಪನ ತೋಪಿನ ಮಳೆ ಅಶ್ವಿನಿಯ ನಾಲ್ಕನೇ ಪಾದದಲ್ಲಿ ಬಿತ್ತು. ‘ಭರಣಿ ಮಳೆ ಧರಣಿ ಬೆಳೆ’ ಎಂಬ ಗಾದೆಯ ಭವಿಷ್ಯ ನಿಜವಾಗುತ್ತದೆಯೇ ಎಂಬುದು ಬೇರೆ ಮಾತು; ನಕ್ಷತ್ರಕ್ಕೂ ಮೋಡಕ್ಕೂ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಹದಿನಾಲ್ಕು ದಿನದ ಆ ಬುಟ್ಟಿ ಮಾತ್ರ ಜಾಣತನದ್ದು. ಒಂದು ದಿನದ ಆಕಸ್ಮಿಕ ಅದರಲ್ಲಿ ಕರಗುತ್ತದೆ, ಋತುವಿನ ತಿರುವು ಉಳಿಯುತ್ತದೆ. ಹವಾಮಾನ ಪುಟ ನೋಡುವವರಿಗೂ ನಾನು ಹೇಳುವುದು ಇಷ್ಟೇ: 25ನ್ನು ಬಿಡಿ, 18ರಿಂದ ಮೇ 2ರವರೆಗೆ ನೋಡಿ, ಸರಾಸರಿ ಬಿಡಿ, ಎಷ್ಟು ವರ್ಷಗಳಲ್ಲಿ ಎಷ್ಟು ಸಲ ಮಳೆ ಬಂತು ಎಂದು ಎಣಿಸಿ.

ಎಣಿಸಲು ಈಗ ಒಳ್ಳೆಯ ಸಾಧನವೂ ಇದೆ. 1988ರಲ್ಲಿ ಬರ ಉಸ್ತುವಾರಿಗೆಂದು ಹುಟ್ಟಿದ ಕೋಶವೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗೊಂದು ಮಳೆ ಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ; ಹದಿನೈದು ನಿಮಿಷಕ್ಕೊಮ್ಮೆ ಅಂಕಿ ತಾನಾಗಿ ಬೆಂಗಳೂರಿಗೆ ಹೋಗುತ್ತದೆ. ರಾಜ್ಯದಲ್ಲಿ ಇಂಥ ಮಾಪಕಗಳು ಆರು ಸಾವಿರಕ್ಕೂ ಹೆಚ್ಚಿವೆ. ಮಾವು, ದ್ರಾಕ್ಷಿ, ದಾಳಿಂಬೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸಿದವರಿಗೆ ಇದು ಕುತೂಹಲದ ವಿಷಯವಲ್ಲ, ಹಣದ ವಿಷಯ. ಆ ವಿಮೆಯಲ್ಲಿ ತೋಪಿಗೆ ಬಂದು ಉದುರಿದ ಕಾಯಿ ಎಣಿಸುವವರಿಲ್ಲ. ಗೊತ್ತುಪಡಿಸಿದ ಕೇಂದ್ರದಲ್ಲಿ ದಾಖಲಾದ ಮಳೆ, ತಾಪಮಾನಗಳೇ ಪರಿಹಾರ ಎಷ್ಟೆಂದು ಹೇಳುತ್ತವೆ. ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ, ಅದರ ಮೇಲೆ ಮರದ ಕೊಂಬೆ ಬಾಗಿದೆಯೇ, ಬಾಯಿಗೆ ಎಲೆ ಕಟ್ಟಿಕೊಂಡಿದೆಯೇ ಎಂದು ಒಮ್ಮೆ ಹೋಗಿ ನೋಡುವುದು ಪಾಲಿಸಿಯ ಕಾಗದ ಓದುವಷ್ಟೇ ಮುಖ್ಯ. ವಾಡಿಕೆ ಎಂದು ಸಾಮಾನ್ಯವಾಗಿ ಕರೆಯುವುದು ಮೂವತ್ತು ವರ್ಷದ ಸರಾಸರಿಯನ್ನು, ತಾಪಮಾನಕ್ಕೆ ಈಗಿನದು 1991ರಿಂದ 2020ರದು. ಈ ಹೊಸ ಮಾಪಕಗಳಿಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ. ಅವನ್ನು ಕಟ್ಟಡ ಬದಲಾದಾಗಲೆಲ್ಲ ಎತ್ತಿ ಬೇರೆಡೆ ನೆಡದೆ, ನಿಂತಲ್ಲೇ ನಿಲ್ಲಲು ಬಿಟ್ಟರೆ ನಮ್ಮ ಮಕ್ಕಳಿಗೆ ಕೋಲಾರದ್ದೇ ಆದ ವಾಡಿಕೆ ಸಿಗುತ್ತದೆ. ತಾಲ್ಲೂಕು ಕಚೇರಿಗಳ ಹಳೆಯ ಮಳೆ ಪುಸ್ತಕಗಳು ಎಲ್ಲೆಲ್ಲಿ ಉಳಿದಿವೆಯೋ ಅವನ್ನು ಗೆದ್ದಲಿಗಿಂತ ಮೊದಲು ಸ್ಕ್ಯಾನರ್ ಮುಟ್ಟಬೇಕು.

ಚಿಕ್ಕಪ್ಪನಿಗೆ ಇಷ್ಟನ್ನೂ ಹೇಳಿದೆ. ಅವರು ಕೇಳಿಕೊಂಡು, "ಹಾಗಾದರೆ ಆ ಎಂಟು ಮಿಲಿಮೀಟರ್ ನನ್ನ ತೋಪಿಗೆ ಎಷ್ಟು ನೀರು?" ಎಂದರು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ಮೂರು ಎಕರೆಗೆ ಸುಮಾರು 97 ಸಾವಿರ ಲೀಟರ್, ಅಂದರೆ ಆರು ಸಾವಿರ ಲೀಟರಿನ ಹದಿನಾರು ಟ್ಯಾಂಕರ್. ತಾರೀಖಿಗಿಂತ ಈ ಲೆಕ್ಕ ಅವರಿಗೆ ಹೆಚ್ಚು ಹಿಡಿಸಿತು.

ಮುಂದಿನ ಬೇಸಿಗೆಗೆ ಹೋದಾಗ ಪಂಪ್‌ಸೆಟ್ ಮನೆಯಿಂದ ಆಚೆ, ಮರಗಳಿಂದ ದೂರ, ಒಂದು ಕಂಬಕ್ಕೆ ಅಳತೆ ಗೆರೆಯಿದ್ದ ಮಳೆ ಮಾಪಕ ಕಟ್ಟಿದ್ದರು. ಒಳಗಿನ ಗೋಡೆಯಲ್ಲಿ ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್. ಏಪ್ರಿಲ್ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ಅಂಕಣ ಗೀಚಿ ಮೇಲೆ ‘ಬಿದ್ದದ್ದು’, ‘ಬರೆದದ್ದು’ ಎಂದು ಹಾಕಿದ್ದರು. ಮೊದಲನೆಯದರಲ್ಲಿ 19, ಎರಡನೆಯದರಲ್ಲಿ 20. ಪಕ್ಕದಲ್ಲಿ ಆರು ಮಿಲಿಮೀಟರ್. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಗಾಳಿ ಇಲ್ಲ, ಕಾಯಿ ಉದುರಲಿಲ್ಲ’.